ಬೇರಿಂಗಿಗೆ ಕೊಬ್ಬರಿ ಎಣ್ಣೆ ಹಾಕಿದವಳು

ಕ್ಲಬ್ಬಿನ ಪ್ಲೇಟಿನ ಮಶೀನಿಗೆ ಕೊಬ್ಬರಿ ಎಣ್ಣೆ ಹಾಕಿದವಳು ನಾನು. ದಾವಲಸಾಬ ಮಿಸ್ತ್ರಿ ಅಲ್ಲ. ತಪ್ಪು ಒಪ್ಪಿಕೊಂಡವರು ಅವರು, ಮಾಡಿದವಳು ನಾನು — ಇಷ್ಟನ್ನು ಬರೆಯಲಿಕ್ಕೆ ನನಗೆ ಅರವತ್ತು ವರ್ಷ ಹಿಡಿಯಿತು. ಈಗ ಎಂಬತ್ತು ದಾಟಿದೆ. ಇನ್ನೂ ತಡ ಮಾಡಿದರೆ ಕೈ ನಡುಗಿ ಬರೆದದ್ದು ಯಾರಿಗೂ ತಿಳಿಯದಂತಾಗುತ್ತದೆ, ಆಗ ಅದೂ ಒಂದು ನೆಪವಾದೀತು. ನೆಪಗಳ ಮೇಲೆಯೇ ಇಷ್ಟು ಕಾಲ ಬದುಕಿದವಳಿಗೆ ಅವು ಹೇಗೆ ಹುಟ್ಟುತ್ತವೆ ಎಂಬುದು ಚೆನ್ನಾಗಿ ಗೊತ್ತು.

ನಿಮಗೆ ನಗು ಬಂದೀತು. ಎಣ್ಣೆ ಹಾಕಿದ್ದೂ ಒಂದು ಪಾಪವೇ ಎಂದು. ನಾನೂ ಎಷ್ಟೋ ವರ್ಷ ಹಾಗೆಯೇ ನಕ್ಕು ಸಮಾಧಾನ ಮಾಡಿಕೊಂಡೆ. ಐದಾರು ಹನಿ ಎಣ್ಣೆ, ಅಷ್ಟೇ ಅಲ್ಲವೇ — ಆದರೆ ಆ ಐದಾರು ಹನಿಯಲ್ಲಿ ಒಬ್ಬ ಮನುಷ್ಯನ ಹೆಸರು ಮುಳುಗಿತು, ಒಬ್ಬ ಹುಡುಗಿಯ ಶಾಲೆ ಮುಳುಗಿತು. ಮೊದಲಿನಿಂದ ಹೇಳುತ್ತೇನೆ.

ಐವತ್ತರ ದಶಕ ಮುಗಿಯುತ್ತ ಬಂದಾಗ ನಾನು ಧಾರವಾಡದಿಂದ ಮದುವೆಯಾಗಿ ದಾಂಡೇಲಿಗೆ ಬಂದೆ. ನಮ್ಮವರು ಕಾಗದದ ಮಿಲ್ಲಿನಲ್ಲಿ ಬಿದಿರು ಬೇಯಿಸುವ ಕಡೆ ಮೇಲ್ವಿಚಾರಕರು. ಸಂಜೆ ಮನೆಗೆ ಬಂದರೆ ಅವರ ಅಂಗಿಗೆಲ್ಲ ಕೊಳೆತ ಕೋಸಿನ ವಾಸನೆ. ಮೊದಲ ತಿಂಗಳು ಮೂಗು ಮುಚ್ಚಿಕೊಂಡೆ, ಎರಡನೆಯ ತಿಂಗಳು ಮರೆತೆ. ಮರೆಯಲಾಗದೆ ಕಾಡಿದ್ದು ಹಾಡು. ಧಾರವಾಡದ ನಮ್ಮ ಓಣಿಯಲ್ಲಿ ಬೆಳಗಾದರೆ ಯಾರದಾದರೂ ಮನೆಯಿಂದ ತಂಬೂರಿಯ ಸಪ್ಪಳ ಬರುತ್ತಿತ್ತು. ಇಲ್ಲಿ ಪಾಳಿಗೆ ಕೂಗುವ ಮಿಲ್ಲಿನ ಭೋಂಗಾ ಬಿಟ್ಟರೆ ಬೇರೆ ಸ್ವರವೇ ಇರಲಿಲ್ಲ.

ಅಂಥದರಲ್ಲಿ ಕಾಲನಿಯ ಕ್ಲಬ್ಬಿಗೆ ಮುಂಬಯಿಯಿಂದ ಹೊಸ ಗ್ರಾಮಫೋನು ಬಂತು. ಕೀ ತಿರುವಿ ಹಾಡಿಸುವ ಹಳೆಯದಲ್ಲ, ಕರೆಂಟಿನದು. ಕೆಳಗೆ ಮೋಟರು, ಮೇಲೆ ತಿರುಗುವ ತಟ್ಟೆ, ಪಕ್ಕದಲ್ಲಿ ದೊಡ್ಡ ಸ್ಪೀಕರು. ರೆಕಾರ್ಡಿಗೆ ನಾವು ಪ್ಲೇಟು ಎನ್ನುತ್ತಿದ್ದೆವು, ಹಾಗಾಗಿ ಅದು ಪ್ಲೇಟಿನ ಮಶೀನು. ಸಂಜೆ ಹೊತ್ತು ಅದು ಗಂಡಸರದು — ಇಸ್ಪೀಟಿನ ನಡುವೆ ಅವರಿಗೆ ಹಾಡು ನೆನಪಾದರೆ. ನಾವು ಹೆಂಗಸರು ಮಧ್ಯಾಹ್ನದ ಹೊತ್ತನ್ನು ಕೇಳಿದೆವು. ಕ್ಲಬ್ಬಿನ ಸೆಕ್ರೆಟರಿ ನನ್ನ ಎದುರಿಗೇ ಹೇಳಿದರು: “ಹೆಂಗಸರ ಕೈಯಾಗ ಮಶೀನ್ ಕೊಟ್ರ ಎರಡ ದಿನದಾಗ ಗುಜರಿಗೆ ಹಾಕಬೇಕಾಗತೈತಿ.”

ನಾನು ಸುಮ್ಮನಿರುವ ಹೆಣ್ಣಲ್ಲ. ಆಗಂತೂ ಆಗಿರಲಿಲ್ಲ. ನಾಲ್ಕು ತಿಂಗಳು ಅವರ ಬೆನ್ನು ಬಿಡಲಿಲ್ಲ. ಕೊನೆಗೆ ಮಂಗಳವಾರ, ಶುಕ್ರವಾರ, ಮಧ್ಯಾಹ್ನ ಎರಡರಿಂದ ನಾಲ್ಕು ಎಂದು ಗೊತ್ತಾಯಿತು. ಮಶೀನಿನ ಪೆಟ್ಟಿಗೆಯ ಕೀಲಿ ನನ್ನ ಸೆರಗಿನ ತುದಿಗೆ ಬಂತು. ಸಂಜೆ ಗಂಡಸರಿಗೆ ಬೇಕಾದರೆ ಕ್ಲಬ್ಬಿನ ಆಳು ಮನೆಗೆ ಬಂದು ಒಯ್ಯುತ್ತಿದ್ದ. ಸಣ್ಣದೊಂದು ಏನಾದರೂ ಕೆಟ್ಟರೂ ಕೀಲಿ ವಾಪಸು ಎಂಬ ಕರಾರು. ಹನ್ನೆರಡು ಹದಿನೈದು ಜನ ಸೇರುತ್ತಿದ್ದೆವು. ಒಬ್ಬಾಕೆ ಮೊರದಲ್ಲಿ ಅಕ್ಕಿ ತಂದು ಆರಿಸುತ್ತ ಕೂಡುತ್ತಿದ್ದಳು. ರಾಗ ಮೇಲೇರಿದಾಗ ಆಕೆಯ ಕೈ ತಾನಾಗಿಯೇ ನಿಲ್ಲುತ್ತಿತ್ತು. ಅದನ್ನು ನೋಡುವಾಗ ನನಗೆ ಆಗುತ್ತಿದ್ದ ಹೆಮ್ಮೆ — ಆ ಹೆಮ್ಮೆಯೇ ಮುಂದಿನದಕ್ಕೆಲ್ಲ ಮೂಲ.

ಆ ಮಶೀನನ್ನು ನೋಡಿಕೊಳ್ಳಲು ಕ್ಲಬ್ಬಿನವರು ಗೊತ್ತುಮಾಡಿದವರು ದಾವಲಸಾಬ ಮಿಸ್ತ್ರಿ. ಹಳಿಯಾಳದ ಹತ್ತಿರದ ಒಂದು ಹಳ್ಳಿಯವರು. ಬೆಳಗಿನ ಬಸ್ಸಿಗೆ ಬಂದು ದಾಂಡೇಲಿಯ ಬಜಾರಿನಲ್ಲಿ ಅಂಗಡಿ ತೆರೆಯುತ್ತಿದ್ದರು. ಹೊಲಿಗೆ ಯಂತ್ರ, ಫ್ಯಾನು, ರೇಡಿಯೋ, ಏನು ಕೆಟ್ಟರೂ ಅವರ ಹತ್ತಿರ. ಲಗ್ನದ ದಿನಗಳಲ್ಲಿ ಸ್ಪೀಕರು ಹೊತ್ತುಕೊಂಡು ಮುಂಡಗೋಡದ ಕಡೆ, ಜೋಯಿಡಾದ ಕಡೆ ತಿರುಗುತ್ತಿದ್ದರು. ತೆಳ್ಳಗಿನ ಆಳು, ನಲವತ್ತರ ಆಸುಪಾಸು, ಕನ್ನಡಕದ ಒಂದು ಕಡ್ಡಿಯ ಬದಲು ದಾರ. ಲೋಕದ ಮಶೀನುಗಳನ್ನೆಲ್ಲ ರಿಪೇರಿ ಮಾಡುವವರಿಗೆ ತಮ್ಮ ಕನ್ನಡಕ ರಿಪೇರಿ ಮಾಡಿಕೊಳ್ಳಲು ಪುರಸೊತ್ತಿಲ್ಲ ಎಂದು ನಾವು ಚೇಷ್ಟೆ ಮಾಡುತ್ತಿದ್ದೆವು. ಅವರೂ ನಗುತ್ತಿದ್ದರು.

ಕೆಲಸಕ್ಕೆ ಕೂತರೆ ಮಾತ್ರ ನಗು ಇರುತ್ತಿರಲಿಲ್ಲ. ಮೊದಲು ಸಾಬೂನು ಹಚ್ಚಿ ಕೈ ತೊಳೆಯುತ್ತಿದ್ದರು. ಮಶೀನಿಗೆ ಎಣ್ಣೆ ಹಾಕುವವರು ಕೆಲಸ ಮುಗಿದ ಮೇಲೆ ಕೈ ತೊಳೆಯುವುದನ್ನು ನೋಡಿದ್ದೆ, ಮೊದಲೇ ತೊಳೆಯುವವರನ್ನು ಅವರೊಬ್ಬರನ್ನೇ ನೋಡಿದೆ. ಆಮೇಲೆ ಬಿಳಿ ಬಟ್ಟೆ ಹಾಸಿ, ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಬಿಚ್ಚಿದ ಕ್ರಮದಲ್ಲಿಯೇ ಎಡದಿಂದ ಬಲಕ್ಕೆ ಸಾಲಾಗಿ ಇಡುತ್ತಿದ್ದರು. ಜೋಡಿಸುವಾಗ ಬಲದಿಂದ ಎಡಕ್ಕೆ. ನಡುವೆ ಯಾರಾದರೂ ಮಾತನಾಡಿಸಿದರೆ ಉತ್ತರ ಕೊಡುತ್ತಿರಲಿಲ್ಲ. ಒಮ್ಮೆ ಸೆಕ್ರೆಟರಿಯವರಿಗೂ ಕೊಡಲಿಲ್ಲ.

ಒಂದು ಮಧ್ಯಾಹ್ನ ನಾನು ಕುತೂಹಲದಿಂದ ಬಗ್ಗಿ ನೋಡುತ್ತಿದ್ದಾಗ ಅವರೇ ಕರೆದರು. ಸ್ಕ್ರೂಡ್ರೈವರಿನ ತುದಿಯನ್ನು ತಿರುಗುವ ಮೋಟರಿನ ಮೈಗೆ ಆನಿಸಿ ಹಿಡಿಯನ್ನು ನನ್ನ ಕಡೆ ತಿರುಗಿಸಿದರು.

“ಕಿವಿ ಹಚ್ರಿ ಬಾಯಾರ. ಏನ ಕೇಳಸ್ತೈತಿ?”

ಕಿವಿಯ ಹಿಂದಿನ ಎಲುಬಿಗೆ ಹಚ್ಚಿದೆ. ಒಳಗೆ ಯಾರೋ ದೂರದಲ್ಲಿ ಬೀಸುವ ಕಲ್ಲು ತಿರುವಿದಂತೆ ಒಂದು ಗರಗರ. ಅವರು ಮೋಟರನ್ನು ನಿಲ್ಲಿಸಿ, ಸೈಕಲ್ಲಿನ ಒಂದು ಕಡ್ಡಿಯನ್ನು ಎಣ್ಣೆಯ ಬಾಟಲಿಯಲ್ಲಿ ಅದ್ದಿ ಎತ್ತಿದರು. ತುದಿಯಲ್ಲಿ ಒಂದೇ ಒಂದು ಹನಿ ನಿಂತಿತ್ತು. ಮೋಟರಿನ ಕಂಬಿ ತಿರುಗುವ ಹಿತ್ತಾಳೆಯ ಬಳೆ ಇದೆಯಲ್ಲ, ಅದೇ ಬೇರಿಂಗು. ಮೇಲೊಂದು, ಕೆಳಗೊಂದು. ಅದರ ಸುತ್ತ ಉಣ್ಣೆಯ ಒಂದು ವಾಶರು. ಹನಿಯನ್ನು ಆ ಉಣ್ಣೆಗೆ ಮುಟ್ಟಿಸಿದರು. ಮತ್ತೆ ಕಿವಿ ಹಚ್ಚಿದೆ. ಗರಗರ ಮೆಲ್ಲಗೆ ಕರಗಿ, ಒಂದು ಸಣ್ಣ ಝೇಂಕಾರ ಮಾತ್ರ ಉಳಿಯಿತು. ತಂಬೂರಿಯ ಓಣಿಯಲ್ಲಿ ಬೆಳೆದವಳು ನಾನು — ಆ ಝೇಂಕಾರ ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಅವರು ನೋಡಿಯೂ ನೋಡದವರಂತೆ ಬಟ್ಟೆ ಮಡಚಿದರು.

“ಎಣ್ಣಿ ಕಮ್ಮಿ ಆದ್ರ ಮಶೀನು ಒದರತೈತ್ರಿ, ನಮಗ ಗೊತ್ತಾಗತೈತಿ,” ಎಂದರು. “ಹೆಚ್ಚಾದ್ರ ಒದರೂದಿಲ್ಲ, ಸುಮ್ಮನ ಕೆಡತೈತಿ. ಒಂದ ಹನಿ ಸಾಕು. ಮತ್ತ ಈ ರಬ್ಬರ್ ಚಕ್ರ ಐತೆಲ್ರಿ, ಇದಕ್ಕ ಎಣ್ಣಿ ತಾಗಬಾರದು. ರಬ್ಬರು, ಎಣ್ಣಿ ಅಂದ್ರ ಅತ್ತಿ-ಸೊಸಿ ಇದ್ದಂಗ. ಒಂದ ಮನಿಯಾಗ ಇರಬೇಕು, ಮೈ ತಾಗಬಾರದು.”

ಮೋಟರು ಆ ರಬ್ಬರ್ ಚಕ್ರವನ್ನು ತಿರುಗಿಸುತ್ತದೆ, ಚಕ್ರ ತಟ್ಟೆಯನ್ನು ತಿರುಗಿಸುತ್ತದೆ. ಎಣ್ಣೆ ತಾಗಿದರೆ ಜಾರುತ್ತದೆ, ತಟ್ಟೆ ನಿಧಾನವಾಗುತ್ತದೆ, ಹಾಡು ಕೆಳಗಿಳಿಯುತ್ತದೆ. ಇದನ್ನೆಲ್ಲ ಅವರು ನನಗೆ ಮೂರು ನಾಲ್ಕು ಮಧ್ಯಾಹ್ನಗಳಲ್ಲಿ ಕಲಿಸಿದರು. ತಟ್ಟೆ ಸರಿಯಾದ ವೇಗದಲ್ಲಿದೆಯೇ ಎಂದು ನೋಡಲು ಪ್ಲೇಟಿನ ಕೆಳಗೆ ಒಂದು ಕಾಗದದ ಚೂರು ಸಿಕ್ಕಿಸಿ, ನಿಮಿಷಕ್ಕೆ ಎಷ್ಟು ಸುತ್ತು ಎಂದು ಎಣಿಸಬೇಕು. ಎಪ್ಪತ್ತೆಂಟು ಬರಬೇಕು. ನಾನು ನಮ್ಮವರ ಕೈಗಡಿಯಾರ ಹಿಡಿದು ಎಣಿಸುತ್ತಿದ್ದೆ. ಅವರು ಕಣ್ಣು ಮುಚ್ಚಿ ಬರಿ ಹಾಡು ಕೇಳಿ “ಎಪ್ಪತ್ತಾರು ಐತ್ರಿ” ಎನ್ನುತ್ತಿದ್ದರು. ನನ್ನ ಎಣಿಕೆಯೂ ಎಪ್ಪತ್ತಾರೇ. ಅವರು ಸಂಗೀತ ಕಲಿತವರಲ್ಲ, ಒಂದು ರಾಗದ ಹೆಸರೂ ಗೊತ್ತಿರಲಿಲ್ಲ. ಆದರೆ ಸ್ವರ ಒಂದು ಕೂದಲೆಳೆ ಇಳಿದರೆ ಅವರ ಹುಬ್ಬು ಗಂಟಿಕ್ಕುತ್ತಿತ್ತು. ಧಾರವಾಡದಲ್ಲಿ ದೊಡ್ಡ ದೊಡ್ಡ ಕಿವಿಗಳನ್ನು ಕಂಡವಳು ನಾನು. ಅವರಂಥ ಕಿವಿ ಕಂಡಿಲ್ಲ.

ಆ ವರ್ಷ ಅವರಿಗೊಂದು ಆಸೆ ಹುಟ್ಟಿತ್ತು. ಕ್ಲಬ್ಬು, ಸಭಾಗೃಹ ಇವುಗಳ ವಿದ್ಯುತ್ತಿನ ಕೆಲಸ ನೋಡಿಕೊಳ್ಳಲು ಮಿಲ್ಲಿನವರು ಒಬ್ಬನನ್ನು ಕಾಯಂ ತೆಗೆದುಕೊಳ್ಳುವವರಿದ್ದರು. ಕೆಲಸದ ಜೊತೆ ಕಾಲನಿಯಲ್ಲಿ ಒಂದು ಮನೆ. ಕಾಲನಿಯಲ್ಲಿ ಮನೆಯೆಂದರೆ ಕಾಲನಿಯ ಹೈಸ್ಕೂಲು. ಅವರ ಹಿರಿಯ ಮಗಳು ಮೆಹರುನ್ನಿಸಾ ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆಯಲ್ಲಿದ್ದಳು, ಅಲ್ಲಿಗೆ ಆ ಶಾಲೆ ಮುಗಿಯುತ್ತಿತ್ತು. ಬಸ್ಸು ಹತ್ತಿಸಿ ಹೆಣ್ಣುಮಗಳನ್ನು ಓದಲು ಕಳಿಸಲು ಮನೆಯ ಹಿರಿಯರು ಒಪ್ಪುತ್ತಿರಲಿಲ್ಲ. “ಮನಿ ಮುಂದ ಸಾಲಿ ಇದ್ರ ಯಾರ ಏನ ಅಂತಾರ್ರಿ ಬಾಯಾರ?” ಎಂದು ಅವರು ಒಮ್ಮೆ ನನ್ನನ್ನು ಕೇಳಿದ್ದರು. “ಲೆಕ್ಕದಾಗ ಭಾಳ ಶ್ಯಾಣ್ಯಾಕಿ ಅದಾಳ್ರಿ ನಮ್ಮ ಮೆಹರು.” ಕ್ಲಬ್ಬಿನ ಕಮಿಟಿ ಶಿಫಾರಸು ಮಾಡಿದರೆ ಕೆಲಸ ಅವರದೇ ಎಂದು ಎಲ್ಲರೂ ಮಾತನಾಡುತ್ತಿದ್ದರು.

ದಸರೆ ಮುಗಿದ ಮೇಲೆ ಅವರು ಒಂದು ಖಾಲಿ ಅತ್ತರಿನ ಬಾಟಲಿಯಲ್ಲಿ ತೆಳ್ಳನೆಯ ಮಶೀನ್ ಎಣ್ಣೆ ತುಂಬಿ ನನ್ನ ಕೈಗೆ ಕೊಟ್ಟರು. ತುಳಸಿ ಲಗ್ನ ಆದೊಡನೆ ಮದುವೆಗಳು ಶುರು, ನಾನು ಊರೂರು ಸುತ್ತುತ್ತಿರುತ್ತೇನೆ, ಗರಗರ ಕೇಳಿದರೆ ನೀವೇ ಒಂದು ಹನಿ ಹಾಕಿ ಎಂದರು. ಕ್ಲಬ್ಬಿನ ಯಾವ ಗಂಡಸಿಗೂ ಅವರು ಆ ಮಶೀನು ಮುಟ್ಟಲು ಬಿಟ್ಟವರಲ್ಲ. ನನಗೆ ಬಿಟ್ಟರು.

ಆ ಬಾಟಲಿಯ ಗತಿ ಏನಾಯಿತು ಎಂದು ಹೇಳಲು ಈಗಲೂ ನಾಚಿಕೆ. ದೀಪಾವಳಿಗೆ ಓಣಿಯ ಹುಡುಗಿಯರಿಗೆಲ್ಲ ಲಂಗ, ಜಂಪರು ಹೊಲಿಯಲು ಕೂತಿದ್ದೆ. ನನ್ನ ಹೊಲಿಗೆ ಯಂತ್ರ ಬಿಗಿದುಕೊಂಡಿತು. ಎದುರಿಗೇ ಬಾಟಲಿ ಇತ್ತು. ಇಷ್ಟು, ಇನ್ನಿಷ್ಟು ಎಂದು ಸುರಿದು ಸುರಿದು ಖಾಲಿ ಮಾಡಿದೆ. ಬಜಾರಿಗೆ ಹೇಳಿ ಕಳಿಸಿದ್ದರೆ ಅವರು ಇನ್ನೊಂದು ಬಾಟಲಿ ತುಂಬಿ ಕೊಡುತ್ತಿದ್ದರು. ಆದರೆ ಕೊಟ್ಟ ಎಣ್ಣೆ ಏನಾಯಿತು ಎಂದು ಕೇಳಿದರೆ? — ಸಣ್ಣ ಮಾತು. ಸಣ್ಣ ಮಾತು ಹೇಳಲಾರದವಳು ದೊಡ್ಡದನ್ನು ಹೇಗೆ ಹೇಳಿಯಾಳು.

ತುಳಸಿ ಲಗ್ನದ ನಂತರದ ಮಂಗಳವಾರ ಮಶೀನು ಗರಗರ ಎಂದಿತು. ಕಿವಿ ಹಚ್ಚಿ ನೋಡಿದೆ, ಅನುಮಾನವಿಲ್ಲ, ಎಣ್ಣೆ ಕೇಳುತ್ತಿತ್ತು. ನಮ್ಮ ಮನೆಯಲ್ಲಿ ತಲೆಗೂ ಕೊಬ್ಬರಿ ಎಣ್ಣೆ, ಕೂಸಿನ ಮೈಗೂ ಅದೇ, ಬಾಗಿಲ ತಿರುಗಣಿಗೂ ಅದೇ. ಮಶೀನಿಗೆ ಮಾತ್ರ ಯಾಕೆ ಬೇಡ? ಬಿಳಿ ಅರಿವೆಯಲ್ಲಿ ಸೋಸಿ ತಂದೆ. ಸೋಸಿದ್ದೇ ದೊಡ್ಡ ಜಾಣತನ ಎಂದುಕೊಂಡೆ. ತಟ್ಟೆ ಎತ್ತಿ, ಮೋಟರಿನ ಎರಡೂ ಬೇರಿಂಗಿಗೆ, ತಟ್ಟೆ ಕೂರುವ ನಡುಗಂಬಿಯ ಕುಣಿಗೆ, ಎಲ್ಲಕ್ಕೂ ಹಾಕಿದೆ. ಒಂದು ಹನಿಯಲ್ಲ. ದೇವರ ದೀಪದ ಸಮಯಿಗೆ ಎಣ್ಣೆ ಹಾಕುವವಳ ಕೈ ಅದು, ಒಂದು ಹನಿಗೆ ನಿಲ್ಲಲಿಲ್ಲ.

ಮಶೀನು ಎಷ್ಟು ಸೊಗಸಾಗಿ ತಿರುಗಿತು ಅಂದರೆ — ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಒಂದಿಷ್ಟೂ ಸಪ್ಪಳವಿಲ್ಲ. ಹೆಂಗಸರು ಹೊಗಳಿದರು. ನಾನು ಬೀಗಿದೆ. ಮಿಸ್ತ್ರಿಗಿಂತ ನಾನೇನು ಕಡಿಮೆ ಎಂದು ಒಂದು ಕ್ಷಣ ಅನ್ನಿಸಿದ್ದೂ ನಿಜ.

ಆಮೇಲೆ ಥಂಡಿ ಬಂತು. ದಾಂಡೇಲಿಯ ಥಂಡಿ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಧನುರ್ಮಾಸದಲ್ಲಿ ಕಾಳಿ ನದಿಯ ಮೇಲಿಂದ ಮಂಜು ಎದ್ದು ಬಂದರೆ ಎದುರು ಮನೆ ಕಾಣುವುದಿಲ್ಲ. ಬೆಳಗ್ಗೆ ತಲೆಗೆ ಹಚ್ಚಲು ಎಣ್ಣೆ ಬೇಕೆಂದರೆ ಬಾಟಲಿಯಿಂದ ಬೀಳುವುದಿಲ್ಲ, ಮೇಣದಂತೆ ಗಟ್ಟಿಯಾಗಿರುತ್ತದೆ. ದಿನಾ ಬೆಳಗ್ಗೆ ಆ ಬಾಟಲಿಯನ್ನು ಕಟ್ಟೆಯ ಮೇಲೆ ಬಿಸಿಲಿಗೆ ಇಡುತ್ತಿದ್ದವಳು ನಾನೇ. ನನ್ನ ಈ ಕೈಯಿಂದಲೇ ಇಡುತ್ತಿದ್ದೆ. ಆದರೂ ಕ್ಲಬ್ಬಿನ ಮಶೀನಿನ ಹೊಟ್ಟೆಯಲ್ಲಿಯೂ ಅದೇ ಎಣ್ಣೆ ಇದೆ ಎಂದು ನನಗೆ ಹೊಳೆಯಲಿಲ್ಲ. ನಮ್ಮ ಹಾಡಿನ ಹೊತ್ತು ಮಧ್ಯಾಹ್ನ ಎರಡಕ್ಕೆ. ಅಷ್ಟರಲ್ಲಿ ಬಿಸಿಲೇರಿ ಎಲ್ಲ ಕರಗಿರುತ್ತಿತ್ತು. ಗಂಡಸರು ಇಸ್ಪೀಟಿಗೆ ಕೂಡುವ ಸಂಜೆಯೂ ಅಷ್ಟು ಥಂಡಿ ಇರುತ್ತಿರಲಿಲ್ಲ. ಹೀಗೆ ತಿಂಗಳೊಪ್ಪತ್ತು ನನ್ನ ತಪ್ಪು ಮುಚ್ಚಿಹೋಯಿತು.

ಸಂಕ್ರಾಂತಿಗೆ ಮುಂಚೆ ಮುಂಬಯಿಯಿಂದ ದೊಡ್ಡ ಸಾಹೇಬರು ಬಂದರು. ಕ್ಲಬ್ಬಿನಲ್ಲಿ ಬೆಳಗ್ಗೆ ಎಂಟಕ್ಕೆ ಸಣ್ಣ ಸಮಾರಂಭ. ಸಾಹೇಬರಿಗೆ ಸಂಗೀತದ ಹುಚ್ಚು ಎಂದು ತಿಳಿದು, ಆರಂಭಕ್ಕೆ ಒಂದು ಬೆಳಗಿನ ರಾಗದ ಪ್ಲೇಟು ಹಾಕುವುದೆಂದಾಯಿತು. ಪ್ಲೇಟು ಆರಿಸುವ ಮಾನ ನನಗೆ. ಮಿಸ್ತ್ರಿಯವರ ಕೆಲಸದ ವಿಷಯವೂ ಅಂದೇ ತೀರ್ಮಾನವಾಗುವುದಿತ್ತು.

ಮಿಸ್ತ್ರಿಯವರು ಹಿಂದಿನ ದಿನ ಮುಂಡಗೋಡದ ಕಡೆಯ ಪಾಳಾ ಹಳ್ಳಿಯಲ್ಲಿ ಮುಸಲ್ಮಾನರ ಒಂದು ಮದುವೆ ಮುಗಿಸಿಕೊಂಡು ಮೊದಲ ಬಸ್ಸಿಗೆ ನೇರವಾಗಿ ಕ್ಲಬ್ಬಿಗೆ ಬಂದರು. ಏಳು ಗಂಟೆ ಇರಬೇಕು. ಕೈ ತೊಳೆದುಕೊಂಡು ಬಿಳಿ ಬಟ್ಟೆ ತೆಗೆದರು. ಕೀಲಿ ನನ್ನ ಸೆರಗಿನಲ್ಲಿತ್ತು. ಬಿಚ್ಚಿದರೆ ಅವರ ಮೂಗಿಗೆ ಗೊತ್ತಾಗದೇ ಇರುತ್ತದೆಯೇ? ಖಾಲಿ ಬಾಟಲಿಯ ಕಥೆ, ಹೊಲಿಗೆ ಯಂತ್ರದ ಕಥೆ, ಎಲ್ಲ ಹೊರಗೆ ಬರುತ್ತದೆ —

“ನಾ ಎಣ್ಣಿ ಹಾಕೇನ್ರಿ ಮಿಸ್ತ್ರೀ,” ಎಂದೆ. “ಛಲೋ ತಿರಗಾಕತ್ತೈತಿ. ಮತ್ತ ಬಿಚ್ಚೂದು ಯಾಕ?”

ಅವರು ನನ್ನ ಮುಖ ನೋಡಿದರು. ಆಮೇಲೆ ಬಟ್ಟೆಯನ್ನು ಮಡಚಿ ಚೀಲಕ್ಕೆ ಹಾಕಿದರು.

“ನೀವು ಹಾಕೀರಿ ಅಂದ್ರ ನಾ ನೋಡೂದು ಬ್ಯಾಡ್ರಿ,” ಎಂದರು.

ಇಡೀ ಆಯುಷ್ಯದಲ್ಲಿ ನನಗೆ ಯಾರೂ ಕೊಡದ ಗೌರವ ಅದು. ನಾನು ಮುಖ ತಿರುಗಿಸಿ ಹೂದಾನಿ ಸರಿಮಾಡಿದೆ.

ಎಂಟಕ್ಕೆ ಪ್ಲೇಟು ಹಾಕಿದೆ. ತಟ್ಟೆ ಹೊರಡಲೊಲ್ಲದು, ಹೊರಟಿತು, ತೇಕುತ್ತ ತಿರುಗಿತು. ನಾನು ಆರಿಸಿದ ಪ್ಲೇಟಿನ ತುಂಬುದನಿಯ ಗಾಯಕಿಯ ಕಂಠ ಸ್ಪೀಕರಿನಿಂದ ಹೊರಬಿದ್ದದ್ದು ನೆಗಡಿಯಾದ ಗಂಡಸಿನ ದನಿಯಾಗಿ. ಎಳೆದೆಳೆದು, ಆಕಳಿಸುತ್ತ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗು ಮುಂದಿನ ಸಾಲಿಗೆ ಬಂತು. ಸಾಹೇಬರು ನಗಲಿಲ್ಲ. ಸಂಗೀತ ಬಲ್ಲವರಿಗೆ ಅಂಥದ್ದು ನಗುವ ವಿಷಯವಲ್ಲ.

“ಇದನ್ನು ನೋಡಿಕೊಳ್ಳುವವರು ಯಾರು?” ಎಂದು ಕೇಳಿದರು.

ಮಿಸ್ತ್ರಿಯವರು ಆಗಲೇ ಮಶೀನಿನ ಹತ್ತಿರ ಬಂದಿದ್ದರು. ಪ್ಲೇಟು ತೆಗೆದು, ತಟ್ಟೆ ಎತ್ತಿ, ನಡುಗಂಬಿಯನ್ನು ಎರಡು ಬೆರಳಲ್ಲಿ ಸವರಿದರು. ಬೆರಳಿಗೆ ಬೆಳ್ಳಗೆ, ತುಪ್ಪ ಹೆಪ್ಪುಗಟ್ಟಿದಂತೆ ಹತ್ತಿತು. ರಬ್ಬರ್ ಚಕ್ರವೂ ಜಿಡ್ಡಿನಿಂದ ಹೊಳೆಯುತ್ತಿತ್ತು. ಬೆರಳನ್ನು ಮೂಗಿಗೆ ಹಿಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ — ನನ್ನ ಕೈ ತಾನಾಗಿಯೇ ನನ್ನ ತುರುಬಿಗೆ ಹೋಯಿತು. ಬೆಳಗ್ಗೆ ಅದೇ ಎಣ್ಣೆ ಹಚ್ಚಿ ಬಾಚಿದ ತುರುಬು. ಅವರು ತಲೆ ಎತ್ತಲಿಲ್ಲ. ನನ್ನ ಕಡೆ ನೋಡಲೇ ಇಲ್ಲ. ಬೆರಳನ್ನು ತಮ್ಮ ಕರವಸ್ತ್ರದಲ್ಲಿ ಒರೆಸಿ, ಆ ಕರವಸ್ತ್ರವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡರು. ಬೇರೆಯವರ ಮೂಗಿಗೆ ಸಿಗದ ಹಾಗೆ.

“ನಾನ್ರಿ ಸಾಹೇಬ್ರ,” ಎಂದರು.

“ಎಣ್ಣೆ ಯಾರು ಹಾಕಿದ್ದು?” ಚಕ್ರದ ಜಿಡ್ಡು ನೋಡಿ ಸಾಹೇಬರು ಕೇಳಿದರು.

“ನಾನ ಹಾಕಿದ್ದು. ಎಣ್ಣಿ ತಪ್ಪೇತ್ರಿ.”

ಸೆಕ್ರೆಟರಿ ನನ್ನ ಕಡೆ ನೋಡಿದರು. ಕೀಲಿ ಯಾರ ಹತ್ತಿರ ಇರುತ್ತದೆ ಎಂದು ಅವರಿಗೆ ಗೊತ್ತಿತ್ತಲ್ಲ. ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ ನಾನು. “ಅಲ್ಲ” ಎಂದು ಒಂದೇ ಮಾತು ಸಾಕಾಗಿತ್ತು. ನಾಲ್ಕು ತಿಂಗಳು ಸೆಕ್ರೆಟರಿಯ ಜೊತೆ ಜಗಳವಾಡಿದ ನಾಲಿಗೆ ಆ ಒಂದು ಮಾತನ್ನು ಆಡಲಿಲ್ಲ. ಹೇಳಿದರೆ ಕೀಲಿ ಹೋಗುತ್ತದೆ, ಹೆಂಗಸರ ಮಧ್ಯಾಹ್ನಗಳು ಹೋಗುತ್ತವೆ, ಸೆಕ್ರೆಟರಿ ಹೇಳಿದ್ದೇ ಖರೆಯಾಗುತ್ತದೆ ಎಂದು ಅಂದುಕೊಂಡೆ. ಬಹಳ ವರ್ಷ ಹಾಗೆಯೇ ಹೇಳಿಕೊಂಡೆ ಕೂಡ — ಎಲ್ಲ ಹೆಂಗಸರ ಸಲುವಾಗಿ ಸುಮ್ಮನಿದ್ದೆ ಎಂದು. ಸುಳ್ಳು. ಆ ಹೆಂಗಸರಲ್ಲಿ ಯಾರೂ ನನ್ನನ್ನು ಸುಮ್ಮನಿರು ಎಂದು ಕೇಳಿಕೊಂಡಿರಲಿಲ್ಲ. ನಾನು ನನ್ನ ಮುಖ ಉಳಿಸಿಕೊಂಡೆ.

ಸಮಾರಂಭ ಮುಗಿದು ಜನ ಹೋದ ಮೇಲೆ ಮಿಸ್ತ್ರಿಯವರು ಮಶೀನನ್ನು ಬಿಸಿಲು ಬೀಳುವ ವರಾಂಡಕ್ಕೆ ತಂದು ಬಿಚ್ಚಿದರು. ಚಿಮಣಿ ಎಣ್ಣೆಯಲ್ಲಿ ಒಂದೊಂದು ಭಾಗವನ್ನೂ ತೊಳೆದರು. ಉಣ್ಣೆಯ ವಾಶರನ್ನು ಹಿಂಡಿ ಹಿಂಡಿ, ವಾಸನೆ ಹೋಗುವವರೆಗೆ ತೊಳೆದರು. ರಬ್ಬರ್ ಚಕ್ರವನ್ನು ಸ್ಪಿರಿಟಿನಲ್ಲಿ ಒರೆಸಿದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಒಂದು ಗಂಟೆಯ ಮೇಲೆ ಆಗಿರಬೇಕು. ಸ್ಕ್ರೂಗಳೆಲ್ಲ ಬಲದಿಂದ ಎಡಕ್ಕೆ ಮುಗಿದ ಮೇಲೆ ಅವರು ಮಾತನಾಡಿದರು.

“ಥಂಡಿ ಭಾಳ ಬಿದ್ದೈತ್ರಿ ಬಾಯಾರ ಈ ವರ್ಷ. ಎಣ್ಣಿ ಹಿಡಕೊಂಡ ಬಿಡತೈತಿ.”

ಆಮೇಲೆ ಹೊಸ ಬಾಟಲಿ ತೆಗೆದು ನನ್ನ ಪಕ್ಕದ ಕಟ್ಟೆಯ ಮೇಲಿಟ್ಟರು.

“ಕೀಲಿ ಮಾತ್ರ ಬಿಟ್ಟ ಕೊಡಬ್ಯಾಡ್ರಿ,” ಎಂದರು.

ಅಷ್ಟೇ. ಬೈಯಲಿಲ್ಲ, ಚುಚ್ಚಲಿಲ್ಲ. ಆಗಲಾದರೂ ಅವರ ಕಾಲಿಗೆ ಬೀಳಬಹುದಿತ್ತು. ಸೆಕ್ರೆಟರಿಯ ಕೋಣೆ ಅಲ್ಲೇ ಇತ್ತು, ಹೋಗಿ ಹೇಳಬಹುದಿತ್ತು. ನಾನು ಬಾಟಲಿ ತೆಗೆದುಕೊಂಡು ಮನೆಗೆ ಬಂದೆ.

ಕೆಲಸ ಬೇರೆ ಊರಿನ ಯಾರಿಗೋ ಆಯಿತು. ಕಾಲನಿಯಲ್ಲಿ ಒಂದು ಮಾತು ಹುಟ್ಟಿಕೊಂಡಿತು: ದಾವಲಸಾಬನ ಎಣ್ಣೆ, ಮಶೀನಿಗೆ ನಿದ್ದೆ. ತಮಾಷೆಗೆ ಹೇಳುತ್ತಿದ್ದರು. ತಮಾಷೆಗೆಂದೇ ಹೊಲಿಗೆ ಯಂತ್ರಗಳನ್ನು ಬೇರೆಯವರ ಹತ್ತಿರ ಒಯ್ದರು. ಎರಡು ವರ್ಷಕ್ಕೆ ಅವರು ಬಜಾರಿನ ಅಂಗಡಿ ಮುಚ್ಚಿ ಹಳಿಯಾಳಕ್ಕೆ ಹೋಗಿ ನೆಲೆಸಿದರು. ನನ್ನ ಕೈಯಲ್ಲಿ ಕೀಲಿ ಉಳಿಯಿತು. ನಮ್ಮವರ ನಿವೃತ್ತಿಯವರೆಗೂ ಉಳಿ‌ಯಿತು. ಪ್ರತಿ ತಿಂಗಳು ಒಂದು ಹನಿ, ಒಂದೇ ಹನಿ ಹಾಕಿದೆ. ಹೆಂಗಸರಿಗೆ ಹಾಡು ಕೇಳಿಸಿದೆ. ಆ ಮಶೀನು ಮುಂದೆ ಎಂದೂ ಕೆಡಲಿಲ್ಲ. ಅವರು ಕಲಿಸಿದ್ದು ಅಷ್ಟು ಗಟ್ಟಿ.

ಕಳೆದ ವರ್ಷ, ಅವರು ತೀರಿಕೊಂಡು ಬಹಳ ಕಾಲವಾಗಿದೆ ಎಂದು ತಿಳಿದ ಮೇಲೆ, ನಿವೃತ್ತಿಯ ನಂತರ ನಾವು ಬಂದು ನೆಲೆಸಿದ ಧಾರವಾಡದಿಂದ ಬಸ್ಸು ಹತ್ತಿ ಹಳಿಯಾಳಕ್ಕೆ ಹೋದೆ. ಮೆಹರುನ್ನಿಸಾಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹೊಲಿಗೆ ಯಂತ್ರ ರಿಪೇರಿ ಮಾಡುವ ಹೆಂಗಸು ಯಾರೆಂದರೆ ಇಡೀ ಊರಿಗೆ ಗೊತ್ತು. ನಾನು ಹೋದಾಗ ಆಕೆ ಪಡಸಾಲೆಯಲ್ಲಿ ಬಿಳಿ ಬಟ್ಟೆ ಹಾಸಿಕೊಂಡು ಕೂತಿದ್ದಳು, ಸ್ಕ್ರೂಗಳು ಎಡದಿಂದ ಬಲಕ್ಕೆ. ನಾನು ಬಾಗಿಲಲ್ಲಿ ನಿಂತು ಕರೆದರೂ ಕೈಯೊಳಗಿನದು ಮುಗಿಯುವವರೆಗೆ ತಲೆ ಎತ್ತಲಿಲ್ಲ. ಅಪ್ಪನ ಮಗಳು. ಎಪ್ಪತ್ತು ದಾಟಿದ ಆ ಬೆರಳುಗಳ ನಿಧಾನ, ಆ ಖಾತ್ರಿ ನೋಡುತ್ತ ನಾನು ಬಂದ ಕೆಲಸವನ್ನೇ ಮರೆತೆ.

ಯಾರೆಂದು ಹೇಳಿದೊಡನೆ ಆಕೆಯ ಮುಖ ಅರಳಿತು. ಚಹಾ ಮಾಡಿ ತಂದಳು.

“ಕ್ಲಬ್ಬಿನ ಬಾಯಾರು ನೀವ ಏನ್ರಿ? ಅಪ್ಪಾ ನಿಮ್ಮ ಹೆಸರು ಭಾಳ ತಗೀತಿದ್ರು. ದಾಂಡೇಲಿಯಾಗ ಮಶೀನಿನ ಮಾತು ಕೇಳೂ ಕಿವಿ ಇದ್ದದ್ದು ಬಾಯಾರಿಗೆ ಒಬ್ಬರಿಗೆ ಅಂತಿದ್ರು.”

ನಾನು ಬಾಯಿ ತೆರೆದೆ. ಹೇಳಲಿಕ್ಕೇ ತೆರೆದೆ. ಅಷ್ಟರಲ್ಲಿ ಆಕೆ ತಲೆ ಬಗ್ಗಿಸಿ, ಬಟ್ಟೆಯ ಅಂಚು ಸರಿಮಾಡುತ್ತ ಮುಂದುವರಿಸಿದಳು.

“ಜೀವಮಾನದಾಗ ಒಂದ ಸಲ ಎಣ್ಣಿ ತಪ್ಪಿದ್ರು ಅಪ್ಪಾ. ಆ ಒಂದ ಸಲಕ್ಕ ನೌಕರಿ ಹೋತು, ನಂದು ಸಾಲಿ ಹೋತು. ನಾ ಕೇಳಿದಾಗೆಲ್ಲ ಹೂಂ ಬೇಟಿ, ನಂದ ತಪ್ಪು ಅಂತಿದ್ರು. ಭಾಳ ವರ್ಷ ನಾ ಅವರ ಕೂಡ ನೆಟ್ಟಗ ಮಾತಾಡಲಿಲ್ರಿ. ಈಗ ಮಾಫ್ ಮಾಡೀನಿ. ಆದ್ರ ಅವರು ಇದ್ದಾಗ ಮಾಡಿದ್ದಿಲ್ಲ.”

ಹೊರಗಿನವರ ಮುಂದೆ ಮಾತ್ರವಲ್ಲ, ಮನೆಯಲ್ಲಿ, ಮಗಳ ಮುಂದೆ, ಸಾಯುವವರೆಗೆ — ಆ ಮನುಷ್ಯ ನನ್ನ ತಪ್ಪನ್ನು ತಮ್ಮದೆಂದೇ ಹೇಳಿಕೊಂಡು ಬಂದಿದ್ದರು. ಒಮ್ಮೆ ಹೇಳಿದ ಮೇಲೆ ಮನೆಯಲ್ಲಿ ಬೇರೆ, ಹೊರಗೆ ಬೇರೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಮಗಳ ಮೌನವನ್ನೂ ಉಂಡರು. ನಾನು ಅಂದುಕೊಂಡಿದ್ದೆ, ಅವರಿಂದ ಒಂದು ನೌಕರಿ ಕಸಿದುಕೊಂಡೆ ಎಂದು. ನೌಕರಿ ಸಣ್ಣದು.

ಮತ್ತೆ ನಾನೇನು ಮಾಡಿದೆ? ಚಹಾ ಕುಡಿದೆ. ಸಂಜೆಯ ಬಸ್ಸಿಗೆ ತಡವಾಗುತ್ತದೆ ಎಂದು ಎದ್ದು ಬಂದೆ. ಮೊದಲ ಸಲ ಸುಮ್ಮನಿದ್ದಾಗ ನಾನು ಇಪ್ಪತ್ತರ ಹುಡುಗಿ, ತಿಳಿಯಲಿಲ್ಲ ಎಂದು ಯಾರಾದರೂ ಕನಿಕರಿಸಬಹುದು. ಎರಡನೆಯ ಸಲಕ್ಕೆ ಆ ಕನಿಕರವೂ ಸಲ್ಲದು.

ಮರಳಿ ಬಂದ ದಿನದಿಂದ ಬರೆಯುತ್ತ, ಹರಿದು ಹಾಕುತ್ತ, ಕೊನೆಗೆ ಇದನ್ನು ಮುಗಿಸಿದ್ದೇನೆ. ಟಪಾಲಿಗೆ ಹಾಕುವುದಿಲ್ಲ. ಬರುವ ಶುಕ್ರವಾರ ಹಳಿಯಾಳದ ಬಸ್ಸು ಹತ್ತುತ್ತೇನೆ. ಆಕೆಯ ಕೈಯೊಳಗಿನ ಕೆಲಸ ಮುಗಿಯುವವರೆಗೆ ಬಾಗಿಲಲ್ಲಿ ಕಾಯುತ್ತೇನೆ, ಆಮೇಲೆ ಎದುರಿಗೆ ಕೂತು ಮೊದಲ ಸಾಲಿನಿಂದ ಓದುತ್ತೇನೆ. ನನಗಾಗಿ ಮಾಫಿ ಕೇಳುವುದಿಲ್ಲ. ಆಕೆ ತನ್ನ ಅಪ್ಪನಿಗೆ ಅಷ್ಟು ತಡವಾಗಿ, ಅಷ್ಟು ಕಷ್ಟದಿಂದ ಕೊಟ್ಟ ಮಾಫಿ ಅವರಿಗೆ ಬೇಕಾಗಿರಲೇ ಇಲ್ಲ. ಮೆಹರುನ್ನಿಸಾ, ನಿಮ್ಮ ಅಪ್ಪ ಎಣ್ಣೆ ತಪ್ಪಿದವರೇ ಅಲ್ಲ — ಅಷ್ಟು ಹೇಳಿ, ಆಕೆ ಏನೆಂದರೂ ಕೇಳಿಸಿಕೊಂಡು ಬರುತ್ತೇನೆ.